ಬೆನ್ನ ಕೆಳಗಿನ ಕೌದಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಪುಣೆಯ ಒಬ್ಬ ಮನುಷ್ಯನ ಬೆನ್ನು.

ಹೋದ ಶನಿವಾರ ಆ ಬೆನ್ನು ಅಥಣಿ-ಮಂಗಸೂಳಿ ದಾರಿಯಲ್ಲಿರುವ ರಾವಸಾಹೇಬರ ದ್ರಾಕ್ಷಿ ತೋಟದಂಚಿನ 'ಕ್ಯಾಂಪಿ'ನಲ್ಲಿ ಒಂದು ರಾತ್ರಿ ಕಳೆದಿತ್ತು. ಎರಡು ಬೇವಿನ ಮರಗಳ ನಡುವೆ ಬಟ್ಟೆಯ ತೂಗುಜೋಲಿ ಕಟ್ಟಿ, ಪಟ್ಟಣದವರನ್ನು ಕೂಸಿನ ಹಾಗೆ ಅದರಲ್ಲಿ ಮಲಗಿಸಿ, ಬೆಳಿಗ್ಗೆ ಝುಣಕ-ರೊಟ್ಟಿ ತಿನ್ನಿಸಿ ಕಳಿಸುವುದು ಆ ಕ್ಯಾಂಪಿನ ಪದ್ಧತಿ. ಪುಣೆಯವನು ಮೈಮೇಲೆ ಎರಡು ಬ್ಲಾಂಕೆಟ್ ಹೊದ್ದಿದ್ದ. ಆದರೆ ಜೋಲಿಯ ಕೆಳಗೆ ಬೀಸಿದ ಗಾಳಿಗೆ ಯಾರೂ ಬ್ಲಾಂಕೆಟ್ ಹೊದಿಸಿರಲಿಲ್ಲ. ಊರಿಗೆ ಹೋದವನೇ ಮೊಬೈಲಿನಲ್ಲಿ ಒಂದೇ ಒಂದು ಸ್ಟಾರು ಕೊಟ್ಟು ಬರೆದ: 'ಹೊಟ್ಟೆ ಅಥಣಿಯಲ್ಲಿತ್ತು, ಬೆನ್ನು ಹಿಮಾಲಯದಲ್ಲಿತ್ತು.'

ತೋಟದಲ್ಲಿ ದುಡಿಯುವ ನಲವತ್ತು ಆಳುಗಳ ಬೆನ್ನು ಇಪ್ಪತ್ತು ವರ್ಷದಿಂದ ಹೇಗಿದೆ ಎಂದು ಒಂದು ದಿನವೂ ಕೇಳದ ರಾವಸಾಹೇಬರು, ಆ ಒಂದು ಬೆನ್ನಿನ ಸಲುವಾಗಿ ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ಈ ಶನಿವಾರ ಬೆಳಿಗ್ಗೆ ಎಂಟಕ್ಕೇ ತೋಟದ ಆಳು ಹಾಲೇಶನನ್ನು ಅವರು ಕ್ಯಾಂಪಿಗೆ ಕರೆಸಿದರು.

"ಹಾಲ್ಯಾ, ಇವತ್ತ ಸಂಜೀ ಆರಕ್ಕ ಪುಣೆಂದ ಹನ್ನೆರಡು ಮಂದಿ ಬರಾಕತ್ತಾರ. ಅದರಾಗ ಒಂದ ಬೆನ್ನರೆ ತಣ್ಣಗಾತಂದ್ರ ನಿನ್ನ ಬೆನ್ನ ಬಿಸಿ ಮಾಡ್ತೀನಿ, ನೋಡು."

ಪಕ್ಕದಲ್ಲಿ ನಿಂತಿದ್ದ ಮಗ ಅಮಿತ ಮೊಬೈಲಿನಿಂದ ಕಣ್ಣು ತೆಗೆಯದೆ ಹೇಳಿದ: "ಪಪ್ಪಾ, ಇದಕ್ಕಂತನ ಜೋಲಿ ಕೆಳಗ ಕಟ್ಟೂ ರಜಾಯಿ ಸಿಗ್ತಾವು. ಬ್ಯಾಸಿಗಿಗೆ ಒಂದು, ಥಂಡಿಗೆ ಒಂದು, ಹಿಮಾ ಬೀಳೂ ಜಾಗಾಕ್ಕ ಒಂದು. ಡಿಗ್ರಿ ನೋಡಿ ಆರಿಸಬೇಕು. ಕಡಿಮಿ ಆದ್ರ ನಡಗ್ತಾರ, ಹೆಚ್ಚಾದ್ರ ಬೆವರ್ತಾರ."

"ತರಸು ಮತ್ತ."

"ಬರಾಕ ಹತ್ತ ದಿನಾ ಬೇಕು."

ರಾವಸಾಹೇಬರು ಹತ್ತು ದಿನವನ್ನು ಹತ್ತು ಗಂಟೆ ಮಾಡಿ ಹಾಲೇಶನ ತಲೆಯ ಮೇಲೆ ಹೊರಿಸಿದರು. "ಹಂಗಾರ ಕೌದಿ ಕಟ್ಟೂಣು. ಎಷ್ಟ ದಪ್ಪನ ಕೌದಿ ಬೇಕು, ಹ್ಯಾಂಗ ಕಟ್ಟಬೇಕು, ಸಂಜೀ ಒಳಗ ಹುಡುಕಿ ಹೇಳು. ಬರೋಬ್ಬರಿ ಹುಡಿಕಿದಿ ಅಂದ್ರ ನಾಳಿಂದ ಕ್ಯಾಂಪಿಗೆ ನೀನ ಸುಪರ್ವೈಜರ್. ಹೋಗು."

ಹಾಲೇಶನ ಕಣ್ಣು ತಾನಾಗಿಯೇ ಬೇವಿನ ಬುಡಕ್ಕೆ ಹೋಯಿತು. ಅಲ್ಲೊಂದು ನೀಲಿ ಪ್ಲಾಸ್ಟಿಕ್ ಖುರ್ಚಿ ಇತ್ತು. ಖುರ್ಚಿಯ ಮೇಲೆ ಒಂದು ರಜಿಸ್ಟರ್ ಬುಕ್ಕು, ಬುಕ್ಕಿಗೆ ದಾರ ಕಟ್ಟಿದ ಪೆನ್ನು. ಕ್ಯಾಂಪು ಶುರುವಾದ ದಿನದಿಂದ ಖುರ್ಚಿ ಖಾಲಿ ಇತ್ತು. ಹಾಲೇಶ ಅದನ್ನು ಬೇರೆಯವರು ದೇವರನ್ನು ನೋಡುವ ಹಾಗೆ ನೋಡುತ್ತಿದ್ದ.

ಅದಕ್ಕೆ ಕಾರಣವಿತ್ತು. ಹಾಲೇಶ ಕುರಿ ಕಾಯುವವರ ಮಗ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವನು, ಇಪ್ಪತ್ತೊಂದಕ್ಕೆ ಕುರಿಯನ್ನೂ ಬಿಟ್ಟು ಈ ತೋಟಕ್ಕೆ ಕೂಲಿಗೆ ಬಂದು ಆರು ವರ್ಷವಾಗಿತ್ತು. ಕುರಿ ಬಿಟ್ಟದ್ದು ಪಾಲಬಾವಿಯ ಭೀಮಸಿಯ ಮಗಳು ಉಜ್ವಲಾಳಿಗಾಗಿ. ಭೀಮಸಿಯೂ ಕುರಿ ಕಾಯುವವನೇ, ಆದರೆ ಅವನ ಹಟ ಬೇರೆ. "ನಾ ನಲವತ್ತ ವರ್ಷ ಕುರಿ ಹಿಂದ ತಿರಗೇನಿ. ನನ್ನ ಮಗಳು ತಿರಗಬಾರ್ದು. ಖುರ್ಚಿ ಮ್ಯಾಲ ಕುಂದ್ರಾವ್ಗ ಅಕೀನ್ನ ಕೊಡ್ತೀನಿ." ಖುರ್ಚಿ ಸಿಗದೆ ಆರು ವರ್ಷ ಹೋಯಿತು. ಹೋದ ತಿಂಗಳು ಮಂಗಸೂಳಿಯ ಮಲ್ಲಯ್ಯನ ಗುಡಿಯ ಮೆಟ್ಟಿಲ ಮೇಲೆ ಭೀಮಸಿ ಎದುರಾದಾಗ ಹಾಲೇಶನ ಬಾಯಿ ಜಾರಿತು: "ನಾ ಈಗ ಸುಪರ್ವೈಜರ್ ಅದೀನ್ರಿ ಮಾವಾರ."

ಈಗ ಭೀಮಸಿಯ ಕುರಿ ಪಕ್ಕದ ಕಬ್ಬು ಕಡಿದ ಹೊಲದಲ್ಲೇ ಬೀಡು ಬಿಟ್ಟಿದ್ದವು. ನಿನ್ನೆ ಸಂಜೆ ಫೋನು ಬಂದಿತ್ತು. "ನಾಳೆ ಐದಕ್ಕ ಬರ್ತೀನಿ ತಮ್ಮಾ. ನೀ ಖುರ್ಚಿ ಮ್ಯಾಲ ಕುಂತದ್ದು ಕಣ್ಣಲೆ ನೋಡಿ, ಮಾತ ಮುಗಿಸಿ ಹೋಗ್ತೀನಿ."

ಐದರೊಳಗೆ ಸುಳ್ಳನ್ನು ನಿಜ ಮಾಡಬೇಕಿತ್ತು. ಹಾಲೇಶ ಓಡಿದ.

ಓಡಿದ್ದು ಸತ್ತೆವ್ವನ ಮನೆಗೆ. ಸತ್ತೆವ್ವ ತೋಟದಲ್ಲಿ ಗೊನೆ ಕತ್ತರಿಸುವ ಮುದುಕಿ. ಹಳೆಯ ಸೀರೆ ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದರಲ್ಲಿ ಸುತ್ತಲಿನ ಊರಿಗೆಲ್ಲ ಅವಳದೇ ಕೈ. ಮೂರು ಕೌದಿ ಹೊತ್ತುಕೊಂಡು ಅವಳೇ ತೋಟಕ್ಕೆ ಬಂದಳು.

"ಇದು ಮೂರ ಸೀರೀದು, ಇದು ಐದರದು, ಇದು ಒಂಬತ್ತರದು. ಒಂಬತ್ತರದು ನಮ್ಮ ಅತ್ತಿ ಹೊಚಗೊಂಡ ಸತ್ತಿದ್ಲು. ಚಳಿಗೆ ಅಲ್ಲ ಮತ್ತ, ವಯಸ್ಸಾಗಿ."

ಕೌದಿ ಸಿಕ್ಕಿತು, ಚಳಿ ಸಿಗಲಿಲ್ಲ. ಹೊತ್ತು ಹತ್ತಾಗಿತ್ತು, ಡಿಸೆಂಬರಿನ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಬಿಸಿಲಲ್ಲಿ ಚಳಿಯ ಪರೀಕ್ಷೆ ಹೇಗೆ ಮಾಡುವುದು? ಅಮಿತ ಒಮ್ಮೆಲೇ ಚಿಟಿಕೆ ಹೊಡೆದ.

"ನಮ್ಮ ಮನೂಕಾ ಕೋಲ್ಡ್ ಸ್ಟೋರೇಜ್ ಐತೆಲ್ಲಾ! ಅಲ್ಲೇ ಜೋಲಿ ಕಟ್ರಿ."

ತೋಟದ ಹಿಂದೆ ಒಣದ್ರಾಕ್ಷಿ ಇಡುವ ದೊಡ್ಡ ಶೀತಗೃಹ. ಅದನ್ನು ನೋಡಿಕೊಳ್ಳುವ ಈಶ್ವರ ಹನ್ನೆರಡು ವರ್ಷದಿಂದ ಅದೇ ಬಾಗಿಲು ಕಾಯ್ದು ಕಾಯ್ದು, ತಾನೂ ಒಂದು ಬಾಗಿಲಿನ ಹಾಗೆಯೇ ಆಗಿಬಿಟ್ಟಿದ್ದ.

"ಈಶ್ವರಣ್ಣಾ, ಇಲ್ಲಿ ಮುಂಜಾನಿ ಚಳಿ ಹನ್ನೊಂದು ಡಿಗ್ರಿ ಇರ್ತೈತಂತ. ಮಷೀನ ಹನ್ನೊಂದಕ್ಕ ಇಡು" ಎಂದ ಹಾಲೇಶ.

"ನಾಕರ ಮ್ಯಾಲ ಏರ್ಸಂಗಿಲ್ಲ. ಮನೂಕಾದ ಬಣ್ಣಾ ಕೆಡ್ತೈತಿ."

"ನಾಕಕ್ಕ ನಾ ಕೆಡ್ತೀನಲ್ಲೋ!"

"ನಿನ್ನ ಬಣ್ಣಾ ನೋಡಿ ಯಾರೂ ರೇಟ ಹಚ್ಚಂಗಿಲ್ಲ. ಒಳಗ ನಡಿ."

ಅಮಿತ ಸಮಾಧಾನ ಹೇಳಿದ: "ನಾಕಕ್ಕ ತಡದ್ದು ಹನ್ನೊಂದಕ್ಕ ತಡೀದೇನ? ಇನ್ನೂ ಚಲೋನ ಆತು." ಹೇಳಿ, ಸ್ವೆಟರು ಹಾಕಿಕೊಂಡು ಬಾಗಿಲ ಹೊರಗೆ ನಿಂತ.

ಎರಡು ಕಬ್ಬಿಣದ ಕಂಬಗಳ ನಡುವೆ, ಮನೂಕಾದ ಡಬ್ಬಗಳ ಸಾಲಿನ ಮಧ್ಯೆ ಜೋಲಿ ಕಟ್ಟಿದರು. ಮೊದಲು ಐದು ಸೀರೆಯ ಕೌದಿಯನ್ನು ಜೋಲಿಯೊಳಗೆ ಹಾಸಿ ಹಾಲೇಶನನ್ನು ಅದರ ಮೇಲೆ ಮಲಗಿಸಿದರು. ಐದು ನಿಮಿಷಕ್ಕೆ ಅವನ ಹಲ್ಲು ಹೊಲಿಗೆ ಮಷೀನಿನಂತೆ ಶುರುವಾದವು.

"ಬೆ-ಬೆನ್ನಿಗೆ ಥಂಡಿ ಹ-ಹತ್ತಾಕತ್ತೈತ್ರಿ."

ಸತ್ತೆವ್ವನಿಗೆ ಸಿಟ್ಟು ನೆತ್ತಿಗೇರಿತು. "ನಾ ಹೊಲದ ಕೌದ್ಯಾಗ ಥಂಡಿ? ನಿಮ್ಮವ್ವನ ಬಾಣಂತನಕ್ಕ ಕೊಟ್ಟಿದ್ದು ನಂದ ಕೌದಿ. ನೀ ಥಂಡಿಗೆ ಸತ್ತಿಯೇನ ಆವಾಗ?"

ಒಂಬತ್ತರದನ್ನು ಹಾಸಿದರೂ ಅದೇ ಹಾಡು. ಅಷ್ಟರಲ್ಲಿ ಸುದ್ದಿ ತೋಟವೆಲ್ಲ ಹಬ್ಬಿ, ಹೊರಗೆ ಬೆವರುತ್ತಿದ್ದ ಆಳುಗಳು ಒಬ್ಬೊಬ್ಬರೇ ತಂಪಿಗೆಂದು ಒಳಗೆ ಬಂದರು. ಬಂದವರ್‍ಯಾರೂ ಬರಿಗೈಲಿ ಬರಲಿಲ್ಲ, ಒಂದೊಂದು ಸಲಹೆ ತಂದರು. ಒಬ್ಬ ಕಬ್ಬಿನ ಒಣಸೋಗೆಯ ರವದಿಯನ್ನು ಗೊಬ್ಬರದ ಚೀಲಕ್ಕೆ ತುಂಬಿ ತಂದು ಬೆನ್ನಿಗೆ ಕೊಟ್ಟ. ಹಾಲೇಶ ಕಬ್ಬಿನ ಗದ್ದೆಯಲ್ಲಿ ಸಿಕ್ಕ ಹಂದಿಯ ಹಾಗೆ ಕೆರೆದುಕೊಂಡ. ಇನ್ನೊಬ್ಬ ಮೆಣಸಿನಕಾಯಿ ತಿನ್ನು ಅಂದ. ಮತ್ತೊಬ್ಬಳು ಕಾಲಿಗೆ ಎಣ್ಣೆ ಹಚ್ಚಲು ಹೇಳಿದಳು. ಎಲ್ಲರೂ ತಂಪು ಮುಗಿಸಿಕೊಂಡು ಹೋದರು. ಚಳಿ ಹಾಲೇಶನೊಬ್ಬನದೇ ಉಳಿಯಿತು.

ಆಗ ಅವನಿಗೆ ಕುರಿ ನೆನಪಾದವು. ತುಪ್ಪಳ ಉಬ್ಬಿಕೊಂಡು ನಿಂತ ಕುರಿಗೆ ಚಳಿಯಿಲ್ಲ. ಮಳೆಯಲ್ಲಿ ತೊಯ್ದು ತುಪ್ಪಳ ಮೈಗೆ ಅಂಟಿದರೆ ಅದೇ ಕುರಿ ನಡುಗುತ್ತದೆ.

"ಸತ್ತೆವ್ವಾಯಿ, ತಪ್ಪ ಕೌದೀದಲ್ಲ, ನಂದು! ನನ್ನ ಭಾರಕ್ಕ ಕೌದಿ ಅಪ್ಪಚ್ಚಿ ಆಗಾಕತ್ತೈತಿ. ಒಳಗ ಹಾಸೂದಲ್ಲ, ಹೊರಗ ಕೆಳಗ ಕಟ್ಟೂದು. ಜೋಲಿಗೆ ಇನ್ನೊಂದ ಜೋಲಿ!"

ಕೌದಿಯ ನಾಲ್ಕೂ ಮೂಲೆಗೆ ಹಗ್ಗ ಬಿಗಿದು ಜೋಲಿಯ ಕೆಳಗೆ ತೂಗುಬಿಟ್ಟರು. ಮೂರು ಸೀರೆಯದು ಸಾಲಲಿಲ್ಲ. ಒಂಬತ್ತರದಕ್ಕೆ ಅಂಥ ನಾಲ್ಕು ಡಿಗ್ರಿಯಲ್ಲೂ ಬೆವರು ಬಂತು. ಐದರದಕ್ಕೆ ಬಂದಾಗ ಈಶ್ವರ ನಡುವೆ ಬಾಯಿ ಹಾಕಿದ. "ಇಷ್ಟ ಸಡ್ಲ ಬಿಟ್ರ ಗಾಳಿ ಹೋಗ್ತೈತೆಲ್ಲಲೇ, ಬಿಗಿ." ಬಿಗಿದ ಕೂಡಲೇ ಕೌದಿ ಬೆನ್ನಿಗೆ ಅಂಟಿ ಮತ್ತೆ ಅಪ್ಪಚ್ಚಿ. "ಅಯ್ಯ, ಸಡ್ಲ ಬಿಡೋ" ಅಂದಳು ಸತ್ತೆವ್ವ. ಬಿಟ್ಟ ಕೂಡಲೇ ಗಾಳಿ. "ಬಿಗಿ." "ಬಿಡು." "ಬಿಗಿಯೋ ಮಾರಾಯಾ." "ಬಿಡಂದ್ನಿಲ್ಲೋ!" ಒಂದು ಗಂಟೆಯವರೆಗೆ ಹಾಲೇಶ ಬಾವಿಯ ಕೊಡದ ಹಾಗೆ ಮೇಲೆ ಕೆಳಗೆ ಆಡಿದ.

ಮಧ್ಯಾಹ್ನ ಒಂದು ಹೊಡೆಯಿತು. ಸತ್ತೆವ್ವ ರೊಟ್ಟಿ ತಿನ್ನಲು ಹೋದಳು. ಅಮಿತ ಮೊದಲೇ ಹೋಗಿದ್ದ. ಈಶ್ವರ ಊಟದ ಡಬ್ಬಿ ಹಿಡಿದು ಹೊರಗೆ ಬಂದವನು, ಹನ್ನೆರಡು ವರ್ಷದ ರೂಢಿಯಂತೆ ದೀಪ ಆರಿಸಿದ, ಬಾಗಿಲೆಳೆದ, ಹೊರಗಿನಿಂದ ಚಿಲಕ ಹಾಕಿದ. ಬಾಗಿಲು ತೆರೆದಿಟ್ಟರೆ ಅವನಿಗೆ ಬೈಗುಳ ಬಿದ್ದದ್ದುಂಟು. ಮುಚ್ಚಿದ್ದಕ್ಕೆ ಯಾರೂ ಬೈದದ್ದಿಲ್ಲ.

"ಈಶ್ವರಣ್ಣಾ! ಲೇ ಈಶ್ವರಾ! ಲೇ!"

ಮಷೀನಿನ ಸದ್ದು ಅವನ ದನಿಯನ್ನು ನುಂಗಿತು. ಹಾಲೇಶ ಬಾಗಿಲು ಗುದ್ದಿದ, ಒದ್ದ, ಬೈದ. ಈಶ್ವರನ ವಂಶದ ಮೂರು ತಲೆಮಾರು ಬೈದು ಮುಗಿದಾಗ ಕೈಬೆರಳು ಸೆಟೆದಿದ್ದವು. ಹಸಿವೂ ಆಗಿತ್ತು. ಕತ್ತಲಲ್ಲಿ ತಡಕಾಡಿ ಒಂದು ಡಬ್ಬ ಬಿಚ್ಚಿ ಎರಡು ಮುಷ್ಟಿ ಮನೂಕಾ ತಿಂದ. ಆರು ವರ್ಷ ಗೊನೆ ಕೊಯ್ದು, ಒಣಗಿಸಿ, ಆರಿಸಿ ತುಂಬಿದ ಕೈ ಅದು. ತಿಂದದ್ದು ಅವತ್ತೇ ಮೊದಲು.

ಆಮೇಲೆ ಬೇರೆ ದಾರಿಯಿಲ್ಲದೆ ಜೋಲಿಗೆ ಬಂದ. ಬಿಗಿ ಎನ್ನುವವರಿಲ್ಲ, ಬಿಡು ಎನ್ನುವವರಿಲ್ಲ. ಐದು ಸೀರೆಯ ಕೌದಿಯನ್ನು ತನ್ನ ಮುಷ್ಟಿಯಿಂದ ಅಳೆದ. ಬೆನ್ನಿಗೂ ಕೌದಿಗೂ ನಡುವೆ ಒಂದೇ ಒಂದು ಮುಷ್ಟಿ ಸಂದು. ಎರಡೂ ತುದಿ ಮಾತ್ರ ಗಾಳಿ ನುಗ್ಗದ ಹಾಗೆ ಬಿಗಿ. ಮಲಗಿದ. ಬೆನ್ನ ಕೆಳಗೆ ಮೆಲ್ಲಗೆ, ಕುರಿಮರಿ ಬಂದು ಒರಗಿಕೊಂಡ ಹಾಗೆ ಬೆಚ್ಚಗಾಯಿತು. ಹೊದೆಯಲು ಒಂಬತ್ತರದಿತ್ತು. ಹಾಲೇಶ ನೀಲಿ ಖುರ್ಚಿಯ ಕನಸು ಕಾಣುತ್ತ ನಿದ್ದೆ ಹೋದ.

ಮೂರೂವರೆಗೆ ಬಾಗಿಲು ತೆರೆಯಿತು. ಈಶ್ವರ ಗಾಬರಿಯಿಂದ ನಿಂತಿದ್ದ. ಅವನ ಹಿಂದೆ, ಹಾಲೇಶನನ್ನು ಹುಡುಕಿಕೊಂಡು ಬಂದ ರಾವಸಾಹೇಬರು.

"ಸತ್ತಾನ್ರೀ?" ಎಂದ ಈಶ್ವರ.

ಹಾಲೇಶ ಗೊರಕೆ ಹೊಡೆದ.

ರಾವಸಾಹೇಬರ ಮುಖ ಅರಳಿತು. "ನಾಕ ಡಿಗ್ರ್ಯಾಗ ಗೊರಕಿ! ಬರೋಬ್ಬರಿ ಆತ ನೋಡು. ಎಷ್ಟ ಸೀರೀದು?"

"ಐ... ಐದರೀ. ಒಂದ ಮುಷ್ಟಿ ಸಂದು" ಎಂದು ಹಾಲೇಶ ಕಣ್ಣುಜ್ಜಿಕೊಂಡ. ಎದ್ದು ನಿಂತ ಕೂಡಲೇ ಜೋಲಿಯ ಬಿಸಿ ಹೋಗಿ, ಎರಡೂವರೆ ತಾಸಿನ ಥಂಡಿ ಎಲುಬಿನಿಂದ ಹೊರಟು ಮೈಯೆಲ್ಲ ನಡುಗಿಸಿತು. ಒಂದು ದೊಡ್ಡ ಸೀನು ಬಂತು.

"ಶಾಬ್ಬಾಸ್. ಹಂಗಾರ ಐದ ಸೀರಿದು ಹನ್ನೆರಡ ಕೌದಿ ಐದ ಗಂಟೇದೊಳಗ ಕಟ್ಟಬೇಕು." ರಾವಸಾಹೇಬರ ಕಣ್ಣು ಅಷ್ಟರಲ್ಲಿ ಬಿಚ್ಚಿದ ಡಬ್ಬದ ಮೇಲೆ ಬಿತ್ತು. "ಮನೂಕಾ ಯಾರ ತಿಂದಾರಲೇ?"

ಚಿಲಕ ಯಾರು ಹಾಕಿದರು ಎಂದು ಯಾರೂ ಕೇಳಲಿಲ್ಲ.

ಹನ್ನೆರಡು ಕೌದಿ ಅಂಗಡಿಯಲ್ಲಿ ಸಿಗುವಂಥದಲ್ಲ. ಸತ್ತೆವ್ವ ಲೆಕ್ಕ ಹಾಕಿ ಯಾರ ಮನೆಯಲ್ಲಿ ಐದರದಿದೆ ಎಂದು ಹೇಳಿದಳು. ಆಳುಗಳ ಓಣಿಯಲ್ಲಿ ಮನೆಮನೆ ತಿರುಗಿ ಹಾಲೇಶ ಹಾಸಿಗೆ ಎಬ್ಬಿಸಿದ. ಹನ್ನೊಂದು ಸಿಕ್ಕವು. ಹನ್ನೆರಡನೆಯದು ಅವನ ತಾಯಿ ರಾಮವ್ವನದು.

"ನಾ ಏನ ಹೊಚಗೊಳ್ಳೋ?" ಎಂದಳು ರಾಮವ್ವ.

"ಇವತ್ತೊಂದಿನ ಯವ್ವಾ. ನಾಳಿಗೆ ಸೊಸಿ ಬರೂ ದಾರಿ ಆಗ್ತೈತಿ."

ರಾಮವ್ವ ಕೌದಿ ಮಡಚಿ ಕೊಟ್ಟಳು. "ಪುಣೇದವ್ರ ಬೆನ್ನಿಗೆ ನಮ್ಮ ಸೀರಿ ಬೇಕಾದೂ ಅನ್ನು. ನೋಡವ್ವಾ!"

ಸೀನುತ್ತ, ನಡುಗುತ್ತ, ಗಂಟು ಹಾಕುತ್ತ, ಪ್ರತಿ ಜೋಲಿಗೂ ತನ್ನ ಮುಷ್ಟಿ ತೂರಿಸಿ ಅಳೆಯುತ್ತ, ಹಾಲೇಶ ಐದಕ್ಕೆ ಐದು ನಿಮಿಷವಿರುವಾಗ ಹನ್ನೆರಡನ್ನೂ ಕಟ್ಟಿ ಮುಗಿಸಿದ. ಇಡೀ ದಿನ ಅವನು ಒಮ್ಮೆಯೂ ಮೇಲೆ ನೋಡಿರಲಿಲ್ಲ. ಮಧ್ಯಾಹ್ನವೇ ಗಾಳಿ ತಿರುಗಿ, ಮೂಡಣದಿಂದ ಮೋಡ ಬಂದು, ಆಕಾಶ ಹಂಚಿನ ಹಾಗೆ ಮುಚ್ಚಿಕೊಂಡಿತ್ತು. ರಾವಸಾಹೇಬರು ನೋಡಿದ್ದರು. ಮೋಡ ಬಂದರೆ ದ್ರಾಕ್ಷಿಗೆ ರೋಗ ಬರುತ್ತದೆ ಎಂದು ಔಷಧಿಗೆ ಫೋನನ್ನೂ ಮಾಡಿದ್ದರು. ಮೋಡ ಬಂದರೆ ಮನುಷ್ಯರಿಗೆ ಏನಾಗುತ್ತದೆ ಎಂಬ ವಿಚಾರ ಅವರಿಗೆ ಯಾವತ್ತೂ ಬಂದದ್ದಿಲ್ಲ.

ಭೀಮಸಿ ಬಂದ. ಹೆಗಲಲ್ಲಿ ಕಂಬಳಿ, ಕೈಯಲ್ಲಿ ಬಡಿಗೆ. ಹಾಲೇಶ ಖುರ್ಚಿಯ ಪಕ್ಕ ನಿಂತಿದ್ದ. ಕೂರಲು ಧೈರ್ಯ ಸಾಲಲಿಲ್ಲ.

"ಬರ್ರಿ ಮಾವಾರ."

ಭೀಮಸಿ ಅವನನ್ನು ನೋಡಲಿಲ್ಲ. ಜೋಲಿಗಳನ್ನು ನೋಡಿದ, ಕೌದಿಗಳನ್ನು ನೋಡಿದ, ಮೂಗೆತ್ತಿ ಗಾಳಿ ಮೂಸಿದ. "ಇವೇನ ತಮ್ಮಾ, ಕೌದಿ ಕೆಳಗ ಕಟ್ಟೀರಿ?"

"ಥಂಡಿಗ್ರಿ. ರಾತ್ರಿ ಬಾಳ ಥಂಡಿ ಬೀಳ್ತೈತ್ರಿ."

"ಇವತ್ತ ಎಲ್ಲೀದು? ಮಾಡ ಮುಚ್ಚೇತಿ. ನಸಿಕಿನ್ಯಾಗ ಮಾಡ ಒಡಿಯೂತನಕ ಸೆಕೀನ."

"ಇಲ್ಲ ಬಿಡ್ರಿ, ನೋಡ್ರೆಲಾ, ನಾ ಹ್ಯಾಂಗ ನಡಗಾಕತ್ತೇನಿ!"

ನಿಜ. ಆ ಹೊತ್ತಿಗೆ ಇಡೀ ಅಥಣಿ ತಾಲೂಕಿನಲ್ಲಿ ನಡುಗುತ್ತಿದ್ದವನು ಹಾಲೇಶ ಒಬ್ಬನೇ. ಅವನೊಳಗಿನ ನಾಲ್ಕು ಡಿಗ್ರಿ ಇನ್ನೂ ಇಳಿದಿರಲಿಲ್ಲ. ರಾವಸಾಹೇಬರು ನಡುವೆ ಬಂದರು. "ಯಾರಲೇ ಇಂವಾ ಕುರಬ? ಹಾಲ್ಯಾ ಹೇಳ್ಯಾನ ಅಂದ್ರ ಥಂಡಿ ಐತಿ. ನಾಕ ಡಿಗ್ರ್ಯಾಗ ಮಕ್ಕೊಂಡ ಎದ್ದಾನ ಅಂವಾ."

ಹಾಲೇಶನ ಎದೆ ಒಂದು ಗೇಣು ಉಬ್ಬಿತು. ಅಷ್ಟರಲ್ಲಿ, ಆರಕ್ಕೆ ಬರಬೇಕಿದ್ದ ಪುಣೆಯ ಗಾಡಿ ಐದೂವರೆಗೇ ಬಂತು.

ಹನ್ನೆರಡು ಮಂದಿ ಇಳಿದವರೇ, ಚಹಾ ಕುಡಿಯುವ ಮೊದಲು, ಚಪ್ಪಲಿ ಬಿಟ್ಟು ಜೋಲಿಗೆ ಹಾರಿದರು. ಫೋಟೊ ತೆಗೆದುಕೊಂಡರು. ಐದು ನಿಮಿಷ ಖುಷಿಯೋ ಖುಷಿ. ಆರನೇ ನಿಮಿಷಕ್ಕೆ ಮೊದಲನೆಯ ಜೋಲಿಯಿಂದ, ಎಂಥ ಸೆಕೆ ಎಂದು ಮರಾಠಿಯಲ್ಲಿ ದನಿ ಬಂತು.

"ಅರೇ, ಕಿತೀ ಉಕಡತಂಯ!"

ಎರಡನೆಯದರಲ್ಲಿ ಒಬ್ಬ ದಪ್ಪ ಮನುಷ್ಯ ಅಂಗಿ ಬಿಚ್ಚಿದ. ಮೂರನೆಯದರಲ್ಲಿ ಒಬ್ಬ ಹೆಂಗಸು ಕೈಬೀಸಣಿಗೆ ಕೇಳಿದಳು. ಹನ್ನೆರಡು ಬೆನ್ನು ಹನ್ನೆರಡು ಕೌದಿಯ ಮೇಲೆ ಕಡುಬಿನ ಹಾಗೆ ಬೇಯುತ್ತಿದ್ದವು. ಅಂಗಿ ಬಿಚ್ಚಿದವನು ಮೊಬೈಲು ತೆಗೆದು ಸ್ಟಾರು ಹುಡುಕತೊಡಗಿದಾಗ ರಾವಸಾಹೇಬರ ಮುಖದ ಬಣ್ಣ ಕೆಟ್ಟಿತು.

"ಹಾಲ್ಯಾ! ಏನ ಮಾಡಿಟ್ಟಿಯೋ?"

ಹಾಲೇಶ ಉತ್ತರ ಕೊಡಲು ಬಾಯಿ ತೆರೆದ. ಸೀನು ಬಂತು.

ಭೀಮಸಿ ಬಡಿಗೆ ಮರಕ್ಕೆ ಒರಗಿಸಿದ. ಯಾರನ್ನೂ ಕೇಳಲಿಲ್ಲ. ಮೊದಲ ಜೋಲಿಗೆ ಹೋಗಿ, ತಲೆಯ ಕಡೆಯ ಒಂದು ಗಂಟು ಸಡಿಲಿಸಿದ. ಕೌದಿ ಒಂದು ಕಡೆ ಜೋತು, ಬೆನ್ನ ಕೆಳಗೆ ಗಾಳಿ ಆಡಿತು. "ಆಹಾ!" ಎಂದಿತು ಜೋಲಿ. ಹನ್ನೆರಡಕ್ಕೂ ಹಾಗೆಯೇ ಮಾಡಿದ. ಆಮೇಲೆ ತನಗೆ ಬಂದ ಮರಾಠಿಯಲ್ಲಿ ಅವರಿಗೆ ಹೇಳಿದ: ಈಗ ಗಾಳಿ ತಗೊಳ್ಳಿ, ನಸುಕಿನಲ್ಲಿ ಮೋಡ ಒಡೆದು ಥಂಡಿ ಇಳಿಯುತ್ತದೆ, ಆಗ ಬಂದು ಗಂಟು ಬಿಗಿಯುತ್ತೇನೆ, ನಿಮ್ಮ ನಿದ್ದೆ ಕೆಡುವುದಿಲ್ಲ. ಕುರಿಯವನ ಬಾಯಿಂದ ಬಂದ ಆಕಾಶದ ಸುದ್ದಿಗೆ ಪುಣೆಯವರು ಚಪ್ಪಾಳೆ ಹೊಡೆದರು. ಸ್ಟಾರು ಹುಡುಕುತ್ತಿದ್ದವನು ಅವನ ಜೊತೆ ಫೋಟೊ ತೆಗೆಸಿಕೊಂಡು, ಅಲ್ಲೇ ಐದೂ ಸ್ಟಾರು ಒತ್ತಿದ.

ಅಮಿತ ಮೊಬೈಲು ತಂದೆಗೆ ತೋರಿಸಿದ. ರಾವಸಾಹೇಬರು ನೋಡಿದರು. ಮತ್ತೆ ನೋಡಿದರು.

"ನಿನ್ನ ಹೆಸರೇನೋ ಮಾರಾಯಾ?"

"ಭೀಮಸಿ ರೀ. ಪಾಲಬಾವಿ."

"ನಾಳಿಂದ ಯಾಕ, ಇವತ್ತಿಂದನ ನೀ ಇಲ್ಲಿ ಸುಪರ್ವೈಜರ್. ಖುರ್ಚಿ ಅಲ್ಲೈತಿ ನೋಡು."

ಹಾಲೇಶನಿಗೆ ಕೋಲ್ಡ್ ಸ್ಟೋರೇಜಿನ ಬಾಗಿಲು ಮತ್ತೊಮ್ಮೆ ಮುಚ್ಚಿದ ಹಾಗಾಯಿತು. "ಮಾಲಕರ, ನನಗ ಅಂದಿದ್ರೆಲ್ಲಾ? ಐದ ಸೀರಿ, ಒಂದ ಮುಷ್ಟಿ... ಎಲ್ಲಾ ಹುಡಿಕಿದಾಂವ ನಾನರಿ!"

"ನೀ ಹುಡಿಕಿದ್ದು ಮನೂಕಾಕ್ಕ ಸರಿ ಐತಿ, ಮಂದಿಗಲ್ಲ. ಡಬ್ಬಾ ಬಿಚ್ಚಿ ತಿಂದದ್ದು ಮರತಿಲ್ಲ ನಾ. ನಾಳಿಂದ ತೋಟಕ್ಕ ಬರಬ್ಯಾಡ" ಎಂದು ರಾವಸಾಹೇಬರು ಔಷಧಿಯ ಗಾಡಿ ನೋಡಲು ಹೋದರು.

ಭೀಮಸಿ ರಜಿಸ್ಟರ್ ಬುಕ್ಕು ಎತ್ತಿ ಮೊಳಕಾಲ ಮೇಲಿಟ್ಟುಕೊಂಡು ನೀಲಿ ಖುರ್ಚಿಯ ಮೇಲೆ ಕುಳಿತ. ನಲವತ್ತು ವರ್ಷ ನಿಂತ ಕಾಲು ಅವು. ಕುಳಿತ ಮೇಲೆ ಒಮ್ಮೆ ನಿಟ್ಟುಸಿರು ಬಿಟ್ಟ. ಹಾಲೇಶ ಹತ್ತಿರ ಬಂದು ನಿಂತ. ಇನ್ನು ಅವನಿಗೆ ಉಳಿದದ್ದು ಒಂದೇ ಮಾತು.

"ಮಾವಾರ, ನಿಮ್ಗ ಎಲ್ಲಾ ಗೊತ್ತಾತು. ಉಜ್ವಲಾದು... ನಂದು..."

ಭೀಮಸಿ ಕೆಟ್ಟವನಲ್ಲ. ದಾರ ಕಟ್ಟಿದ ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿ, ಮೆಲ್ಲಗೆ ಹೇಳಿದ:

"ಕುರಿ ಕಾಯೂವಾಗನ ನಾ ಕೂಲಿ ಮಾಡಾವ್ಗ ಮಗಳನ್ನ ಕೊಟ್ಟಿಲ್ಲ ತಮ್ಮಾ. ಈಗ ಸುಪರ್ವೈಜರ್ ಆಗಿ ಕೊಟ್ರ ಮಂದಿ ಏನಂದಾರು?"

ಪಕ್ಕದ ಹೊಲದಿಂದ ಕುರಿಗಳು ಒದರಿದವು. ಹೊತ್ತು ಮುಳುಗಿತ್ತು, ಕಾಯುವವರಿರಲಿಲ್ಲ. ಭೀಮಸಿ ಆ ಕಡೆ ನೋಡಿದ, ಮತ್ತೆ ಹಾಲೇಶನ ಕಡೆ ನೋಡಿದ. ಹೆಗಲ ಮೇಲಿನ ಕಂಬಳಿ ತೆಗೆದು, ನಡುಗುತ್ತಿದ್ದವನ ಮೈಮೇಲೆ ಹೊದಿಸಿದ. ಮರಕ್ಕೆ ಒರಗಿಸಿದ್ದ ಬಡಿಗೆಯನ್ನೂ ಕೈಗೆ ಕೊಟ್ಟ.

"ಹೆಂಗೂ ಕೆಲಸಾ ಹೋತೆಲ್ಲಾ, ನನ್ನ ಕುರಿ ನೋಡ್ಕೊ. ನಿನಗ ಬರೂ ಕೆಲಸಾನ ಐತದು."

ಇಡೀ ದಿನ ಹುಡುಕಿದ ಬರೋಬ್ಬರಿ ಬಿಸಿ ಆ ಕಂಬಳಿಯಲ್ಲಿತ್ತು. ಹಾಲೇಶನ ನಡುಕ ನಿಂತಿತು. ಬೇವಿನ ಮರದ ಕೆಳಗೆ ಅವನ ಅವ್ವನ ಸೀರೆಗಳ ಮೇಲೆ ಪುಣೆಯವನೊಬ್ಬ ಗೊರಕೆ ಹೊಡೆಯತೊಡಗಿದ್ದ. ಹಾಲೇಶನಿಗೆ ಮತ್ತೊಂದು ಸೀನು ಬಂತು.

"ಶ್!" ಎಂದ ಸುಪರ್ವೈಜರ್, ಖುರ್ಚಿಯಿಂದ ಏಳದೆ. "ಹೊರಗ ಹೋಗಿ ಸೀನು. ಗಿರಾಕಿ ಮಕ್ಕೊಂಡಾರ."